ನಡುದಾರಿಯಲ್ಲಿ ನಿಂತ ಬಸ್ಸು

ಮಾರ್ಚ್ ೯

ಅಪ್ಪಾ,

ಫೋನು ಮಾಡಿದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀವೇ ಊಹಿಸಿಕೊಂಡು ಬೈಯುತ್ತೀರಿ. ಜೀವನವಿಡೀ ಬಸ್ಸಿನ ಎಂಜಿನ್ ಪಕ್ಕ ಕೂತವರ ಕಿವಿ ಇನ್ನು ಹೇಗಿರುತ್ತದೆ? ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಬೈಯಿರಿ. ಅಕ್ಕ ಏನಾದರೂ ಹೇಳಿದ್ದರೆ ಅದನ್ನು ಪಕ್ಕಕ್ಕಿಡಿ, ಅವಳಿಗೆ ಗೊತ್ತಿರುವುದು ಸ್ವಲ್ಪವೇ.

ನನ್ನನ್ನು ಸಸ್ಪೆಂಡ್ ಮಾಡಿದ್ದಾರೆ.

ಕಳೆದ ಮಂಗಳವಾರ ಬೆಳಿಗ್ಗೆ, ಎರಡನೇ ಟ್ರಿಪ್. ಬಸ್ಸು ತುಂಬಿತ್ತು. ಬಾಗಿಲಲ್ಲಿ ನೇತಾಡುವಷ್ಟಲ್ಲ, ಆದರೆ ಕಂಡಕ್ಟರಣ್ಣ ಹಿಂದಿನಿಂದ ಮುಂದಕ್ಕೆ ಬರಬೇಕಾದರೆ ನಾಲ್ಕಾರು ಜನರ ಕಾಲು ತುಳಿಯಲೇಬೇಕಾದಷ್ಟು. ಗೋದಾಮುಗಳ ರಸ್ತೆಯ ತಿರುವು ದಾಟಿದೆ. ರಸ್ತೆಯಂಚಿನಲ್ಲಿ ಒಂದು ಸೈಕಲ್ಲು ಬಿದ್ದಿತ್ತು, ಅದರಾಚೆ ಒಬ್ಬ ಮನುಷ್ಯ. ಗೋಡೆಗೆ ಬಣ್ಣ ಬಳಿಯುವವನು. ಡಬ್ಬಿ ಮಗುಚಿ ರಸ್ತೆಯೆಲ್ಲ ಬಿಳಿ ಬಣ್ಣ, ಆ ಬಿಳಿಯ ನಡುವೆ ಅವನ ತಲೆಯ ಹತ್ತಿರ ಮಾತ್ರ ಕೆಂಪು. ಯಾವ ಗಾಡಿಯೋ ಗುದ್ದಿ ಹೋಗಿಬಿಟ್ಟಿತ್ತು. ನನ್ನ ಮುಂದಿದ್ದ ಎರಡು ಕಾರು, ಒಂದು ವ್ಯಾನು ನಿಧಾನ ಮಾಡಿದವು, ನೋಡಿದವು, ಬಳಸಿಕೊಂಡು ಮುಂದೆ ಹೋದವು. ಟೈರಿಗೆ ಬಣ್ಣ ಮೆತ್ತಬಾರದೆಂದು ಜೋಪಾನವಾಗಿ ಬಳಸಿಕೊಂಡು ಹೋದವು ಅಪ್ಪಾ. ಅದನ್ನು ಕಂಡ ಮೇಲೆ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು.

ಬಸ್ಸಿನಲ್ಲಿ ಗಲಾಟೆ ಶುರುವಾಯಿತು. "ಯಾಕಮ್ಮಾ ನಿಲ್ಸಿದೆ?" "ಕೇಸಾಗತ್ತೆ, ನಡೀರಿ ನಡೀರಿ." ದಿನವೂ ಮೂರನೇ ಸಾಲಿನಲ್ಲಿ ಕೂತು ಬಸ್ಸು ಲೇಟಾಯಿತೆಂದು ಗೊಣಗುವ ಒಬ್ಬ ಯಜಮಾನರಿದ್ದಾರೆ, ಮೋಟುಗಡ್ಡದವರು. ಅವರಂತೂ ಎದ್ದು ನಿಂತು ಕೂಗಿದರು: "ಇದು ಬಸ್ಸೋ ಆಂಬುಲೆನ್ಸೋ? ಯಾರೋ ಬೀಳಿಸಿದವನನ್ನ ನಾವ್ಯಾಕೆ ಎತ್ಕೊಂಡು ಹೋಗ್ಬೇಕು? ನಾನು ಅಂಗಡಿ ತೆಗೀಬೇಕು!" ಆಂಬುಲೆನ್ಸಿಗೂ ಫೋನು ಮಾಡಿದ್ದೆ. ಸದ್ಯಕ್ಕೆ ಗಾಡಿ ಇಲ್ಲ, ಕಾಯಿರಿ ಎಂದರು. ಆ ಮನುಷ್ಯನಿಗೆ ಕಾಯುವಷ್ಟು ಹೊತ್ತು ಇದ್ದ ಹಾಗೆ ಕಾಣಲಿಲ್ಲ. ಕಂಡಕ್ಟರಣ್ಣ ಭುಜ ಹಿಡಿದರು, ನಾನು ಕಾಲು ಹಿಡಿದೆ, ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿದೆವು. ಬಸ್ಸನ್ನು ರೂಟ್ ಬಿಟ್ಟು ತಿರುಗಿಸಿ ನೇರ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದೆ.

ಮಧ್ಯಾಹ್ನ ಆಸ್ಪತ್ರೆಗೆ ಆತನ ಹೆಂಡತಿಯ ಅಣ್ಣ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ನೀನು ಗುದ್ದದೇ ಇದ್ರೆ ಯಾಕೆ ತಂದು ಸೇರಿಸ್ತಿದ್ದೆ?"

ಅಂಥದ್ದೊಂದು ಪ್ರಶ್ನೆ ಇರಬಹುದೆಂದೇ ನನಗೆ ಹೊಳೆದಿರಲಿಲ್ಲ. ಅವನು ಹೋಗಿ ಡಿಪೋದಲ್ಲಿ ದೂರು ಕೊಟ್ಟ. ಮಾರನೆಯ ದಿನ ಡಿಪೋ ಮ್ಯಾನೇಜರು ಅದನ್ನೇ ಇನ್ನೂ ಮರ್ಯಾದೆಯ ಮಾತಿನಲ್ಲಿ ಕೇಳಿದರು. ಬಸ್ಸಿನ ಮೂತಿಯ ಮೇಲಿರುವ ನೂರಾರು ಗೀರುಗಳಲ್ಲಿ ಯಾವುದು ಯಾವತ್ತಿನದೆಂದು ಯಾರು ಹೇಳಬೇಕು? ಮುಂದಿನ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಗಿದೆ. ವಿಚಾರಣೆ ಮುಗಿಯುವವರೆಗೆ ಸ್ಟೇರಿಂಗ್ ಮುಟ್ಟಬಾರದಂತೆ.

ನಾನು ಅಳುತ್ತಿಲ್ಲ. ನನಗೆ ಸಿಟ್ಟು ಬಂದಿದೆ, ಅಷ್ಟೇ.

ನಿಮ್ಮ ಚಿಕ್ಕ ಮಗಳು


ಮಾರ್ಚ್ ೧೭

ಮಗಳೇ,

ಪೂರ್ತಿ ಓದಿದೆ. ಈಗ ಬೈಯುತ್ತೇನೆ.

ನಿನಗೆ ಬಸ್ಸು ಓಡಿಸಲು ಕಲಿಸಿದವನು ನಾನು. ಕ್ಲಚ್ಚು, ಗೇರು, ಕನ್ನಡಿ ಎಲ್ಲ ಕಲಿಸಿದೆ. ಬುದ್ಧಿ ಕಲಿಸಲು ಮರೆತೆ ಎಂದು ಕಾಣುತ್ತದೆ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಫೋನು ಮಾಡು, ವಿಷಯ ತಿಳಿಸು, ಮುಂದೆ ಹೋಗು. ಹೊತ್ತುಕೊಂಡು ಹೋಗು ಎಂದು ಯಾರು ಹೇಳಿದರು? ಎತ್ತಿದವರ ಕೈಗೇ ರಕ್ತ ಮೆತ್ತುವುದು. ಆ ರಕ್ತ ನೋಡಿ ಜನ ಬೆರಳು ತೋರಿಸುವುದೂ ಅವರ ಕಡೆಗೇ. ಬಳಸಿಕೊಂಡು ಹೋದ ಆ ಕಾರಿನವರು ಈಗ ಮನೆಯಲ್ಲಿ ಕೂತು ಆರಾಮಾಗಿ ಟೀವಿ ನೋಡುತ್ತಿದ್ದಾರೆ. ನೀನು?

ಬಸ್ಸಿನಲ್ಲಿದ್ದವರು ಸಾಕ್ಷಿ ಹೇಳುತ್ತಾರೆ ಎಂದು ನೀನು ಬರೆದಿಲ್ಲ. ಆದರೆ ಮನಸ್ಸಿನಲ್ಲಿ ಅದೇ ಇದೆ, ನನಗೆ ಗೊತ್ತು. ಆ ಆಸೆ ಬಿಡು. ಅವರು ಪ್ರಯಾಣಿಕರು, ನಿನ್ನ ನೆಂಟರಲ್ಲ. ಬಸ್ಸು ಇಳಿಯುತ್ತಲೇ ಡ್ರೈವರಿನ ಮುಖ ಮರೆಯುತ್ತಾರೆ.

ಮ್ಯಾನೇಜರು ಏನಾದರೂ ದಾರಿ ತೋರಿಸಿದರೆ ತಲೆಯಾಡಿಸಿ ಒಪ್ಪಿಕೋ. ಹಟ ಮಾಡಬೇಡ. ನಿಮ್ಮಮ್ಮ ಇದ್ದಿದ್ದರೆ ನಯವಾಗಿ ಹೇಳುತ್ತಿದ್ದಳು. ನನಗೆ ಬರುವುದು ಇಷ್ಟೇ.

ಆ ಮನುಷ್ಯ ಬದುಕಿದನೋ ಇಲ್ಲವೋ? ಇಷ್ಟುದ್ದ ಬರೆದು ಅದೊಂದನ್ನೇ ಬಿಟ್ಟಿದ್ದೀಯ.

ಅಪ್ಪ


ಏಪ್ರಿಲ್ ೨

ಅಪ್ಪಾ,

ಬದುಕಿದ್ದಾರೆ. ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ, ಮಾತಾಡುತ್ತಾರಂತೆ. ಆದರೆ ಆ ಬೆಳಿಗ್ಗೆ ಮನೆಯಿಂದ ಹೊರಟದ್ದು ಬಿಟ್ಟರೆ ಬೇರೇನೂ ನೆನಪಿಲ್ಲವಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದರು. ಆ ಮಾತನ್ನು ಬರೆದು ಕೊಡಿ ಎಂದೆ. ಅದು ತಮ್ಮ ಕೆಲಸವಲ್ಲ ಎಂದರು.

ನೀವು ಹೇಳಿದ ಹಾಗೇ ಮ್ಯಾನೇಜರು ದಾರಿ ತೋರಿಸಿದರು. ಕರೆದು ಕೂರಿಸಿ, ಟೀ ತರಿಸಿ, ಬಹಳ ಮೆತ್ತಗೆ ಹೇಳಿದರು: "ನೀವು ಗುದ್ದಿದೆ ಅಂತ ಬರೀಬೇಕಾಗಿಲ್ಲಮ್ಮ. ಜನಸಂದಣಿಯಲ್ಲಿ ಬಸ್ಸು ತಾಗಿರಬಹುದು ಅಂತ ಬರೀರಿ. 'ತಾಗಿರಬಹುದು.' ಅಷ್ಟೇ. ಸಣ್ಣ ಶಿಕ್ಷೆ ಕೊಟ್ಟು ಫೈಲ್ ಮುಚ್ತೀವಿ. ಅವರ ಕಡೆಯೋರಿಗೂ ಸಮಾಧಾನ, ನಿಮಗೂ ಕೆಲಸ."

"ತಾಗಿಲ್ಲವಲ್ಲ ಸಾರ್" ಎಂದೆ.

"ಅದು ನಿಮಗೆ ಗೊತ್ತು."

"ನನಗೆ ಗೊತ್ತಿರೋದನ್ನೇ ಅಲ್ವಾ ನಾನು ಬರೀಬೇಕಾದ್ದು?"

ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬುದ್ಧಿ ಬರದ ಮಗುವನ್ನು ನೋಡುವ ಹಾಗೆ ನೋಡಿ, "ಸಾಕ್ಷಿ ಇದ್ರೆ ತನ್ನಿ ಹಂಗಾದ್ರೆ" ಎಂದರು.

ನನ್ನ ಮೊದಲ ಸಾಕ್ಷಿ ಕಂಡಕ್ಟರಣ್ಣ ತಾನೇ? ಅವರು ಆಗಲೇ ಬರೆದುಕೊಟ್ಟಾಗಿತ್ತು. ತಾನು ಹಿಂದೆ ಟಿಕೆಟ್ ಕೊಡುತ್ತಿದ್ದೆ, ಏನೂ ನೋಡಲಿಲ್ಲ ಎಂದು. ಆ ಮನುಷ್ಯನ ಭುಜ ಹಿಡಿದು ಎತ್ತಿದವರು! ಅವರ ಅಂಗಿಗಾದ ಬಣ್ಣ ಒಗೆದರೂ ಹೋಗಿರಲಿಕ್ಕಿಲ್ಲ. ಡಿಪೋ ಗೇಟಿನಲ್ಲಿ ಸಿಕ್ಕರು. ಮುಖ ತಪ್ಪಿಸಿಕೊಂಡು ಹೇಳಿದರು: "ರಿಟೈರ್ಮೆಂಟು ಹತ್ರ ಬಂದಿದೆಯಮ್ಮ. ನಂಗೂ ಮನೆ ಇದೆ." ಅಪ್ಪಾ, ಅವತ್ತು ನೀವೇ ಗೆದ್ದಿರಿ ಎಂದುಕೊಂಡೆ.

ಮನೆಗೆ ಬಂದು ಹಾಳೆ ಪೆನ್ನು ತೆಗೆದುಕೊಂಡು ಕೂತೆ. 'ಇಂಥ ದಿನ ಬೆಳಿಗ್ಗೆ ಈ ರೂಟಿನ ಬಸ್ಸಿನಲ್ಲಿದ್ದವರೇ, ಡ್ರೈವರ್ ನಾನು. ನೀವು ನೋಡಿದ್ದನ್ನು ನೋಡಿದ ಹಾಗೆ ಹೇಳಿ, ಅಷ್ಟು ಸಾಕು.' ಕೆಳಗೆ ನನ್ನ ನಂಬರು. ರೂಟಿನ ಒಂದೊಂದು ಸ್ಟಾಪಿಗೂ ಅಂಟಿಸಿದೆ. ಬೆಳಿಗ್ಗೆ ಹೊತ್ತು ನಾನೇ ಹೋಗಿ ನಿಂತು ಕೇಳುತ್ತೇನೆ. ಒಬ್ಬರು "ಇದರಿಂದ ನಂಗೇನು?" ಎಂದರು. ಇನ್ನೊಬ್ಬರು ಸುತ್ತಮುತ್ತ ಹುಡುಕಾಡಿ, "ಕ್ಯಾಮೆರಾ ಎಲ್ಲಿಟ್ಟಿದೀರಾ?" ಎಂದು ನಕ್ಕರು. ಇದೆಲ್ಲ ತಮಾಷೆಯ ವಿಡಿಯೋ ಎಂದುಕೊಂಡರಂತೆ. ಕಾಲೇಜಿನ ಮೇಡಂ ಒಬ್ಬರಿದ್ದಾರೆ, ದಿನವೂ ಹತ್ತುವಾಗ ನಕ್ಕು ನಮಸ್ಕಾರ ಹೇಳುವವರು. ಅವರೊಬ್ಬರು ನನ್ನ ಕೈ ಹಿಡಿದು, "ಖಂಡಿತ ಬರ್ತೀನಿ, ನೀವು ಮಾಡಿದ್ದು ದೊಡ್ಡ ಕೆಲಸ" ಎಂದರು. ಒಬ್ಬರಾದರೂ ಸಿಕ್ಕರಲ್ಲ.

'ತಾಗಿರಬಹುದು' ಎಂದು ನಾನು ಬರೆಯುವುದಿಲ್ಲ.

ನಿಮ್ಮ ಮಗಳು


ಏಪ್ರಿಲ್ ೧೧

ಮಗಳೇ,

ಒಂದು ಮಾತು ಹೇಳಬೇಕು. ನಿಮ್ಮಮ್ಮನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ನೀನು ಶಾಲೆಗೆ ಹೋಗುತ್ತಿದ್ದಾಗ ನಾನು ಒಂದು ವರ್ಷ ಬಸ್ಸು ಓಡಿಸಲಿಲ್ಲ, ಡಿಪೋ ಗೇಟಿನಲ್ಲಿ ಕೂತಿದ್ದೆ, ನೆನಪಿದೆಯಾ? ಬೆನ್ನುನೋವೆಂದು ನಿಮಗೆಲ್ಲ ಹೇಳಿದ್ದೆವು. ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ.

ಇಸ್ತ್ರಿ ಬಟ್ಟೆಯ ಒಬ್ಬ ದೊಡ್ಡ ಮನುಷ್ಯ ತನ್ನ ಮನೆ ಗೇಟಿನ ಮುಂದೆ ಬಸ್ಸು ನಿಲ್ಲಿಸು ಎಂದ. ಅಲ್ಲಿ ಸ್ಟಾಪ್ ಇಲ್ಲ ಸಾರ್ ಎಂದೆ. ಎಲ್ಲರ ಮುಂದೆ ಕೆನ್ನೆಗೆ ಹೊಡೆದ. ನಾನು ತಿರುಗಿ ಕೈ ಎತ್ತಲಿಲ್ಲ. ಮಾರನೆಯ ದಿನ ಡ್ರೈವರು ನನಗೆ ಹೊಡೆದ ಎಂದು ಅವನೇ ದೂರು ಕೊಟ್ಟ. ಬಸ್ಸು ತುಂಬ ಜನ ಇದ್ದರು. ಯಾರೋ ಅಪರಿಚಿತರಲ್ಲ, ದಿನಾ ಬರುವವರು. ಯಾರು ಓಡಿಕೊಂಡು ಬರುತ್ತಾರೆ, ಯಾರಿಗೆ ಮಂಡಿ ನೋವು, ಯಾರು ಯಾವ ಆಫೀಸು, ಎಲ್ಲ ನನಗೆ ಗೊತ್ತಿತ್ತು. ಅವರಿಗಾಗಿ ಎಷ್ಟು ಸಲ ಬಸ್ಸು ತಡೆದು ನಿಲ್ಲಿಸಿದ್ದೇನೋ. ವಿಚಾರಣೆಯ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲ ಅವರಲ್ಲೊಬ್ಬರು ಬಂದರೆಂದುಕೊಂಡೆ. ಆಗ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಯಾರೂ ಬರಲಿಲ್ಲ.

ಅದನ್ನೂ ತಡೆದುಕೊಂಡೆ. ವರ್ಷ ಕಳೆದು ಮತ್ತೆ ಬಸ್ಸು ಹತ್ತಿದೆನಲ್ಲ, ಅದೇ ಜನ ಹತ್ತಿದರು. ಏನೂ ಆಗಿಲ್ಲವೆಂಬಂತೆ, "ಏನ್ರೀ, ಬಹಳ ದಿನ ಆಯ್ತು ಕಾಣದೆ" ಎಂದು ನಕ್ಕರು. ನನ್ನನ್ನು ಮುರಿದದ್ದು ಆ ನಗು, ಪೆಟ್ಟಲ್ಲ.

ಅಂದಿನಿಂದ ಬಸ್ಸು ಓಡಿಸಿದ್ದೇನೆ, ಜನರನ್ನು ನೋಡಿಲ್ಲ. ನಿನಗೆ ಆ ಗತಿ ಬರಬಾರದು. ಆ ಪದ ಬರೆದುಕೊಟ್ಟುಬಿಡು. ಒಂದೇ ಪದ. ನಿನ್ನ ಕಾಲೇಜು ಮೇಡಂ ಬರುವುದಿಲ್ಲ. ಕೈ ಹಿಡಿದು ಮಾತಾಡುವವರು ಬರುವುದಿಲ್ಲ.

ಅಪ್ಪ


ಮೇ ೬

ಅಪ್ಪಾ,

ನಿಮ್ಮ ಕಾಗದ ಓದಿ ಬಹಳ ದಿನ ಉತ್ತರ ಬರೆಯಲಾಗಲಿಲ್ಲ. ನಿಮಗೆ ಹೊಡೆದವನ ಮೇಲಲ್ಲ, ಆ ನಕ್ಕವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೂ ಆ ಪದ ಬರೆಯಲಿಲ್ಲ. ನಿಮಗೆ ಅವರು ಮಾಡಿದ್ದಕ್ಕೆ ನಾನು ಬಗ್ಗಿದರೆ ಅವರು ಎರಡು ಸಲ ಗೆದ್ದ ಹಾಗಾಗುತ್ತದೆ.

ಮೇಡಂ ವಿಷಯದಲ್ಲಿ ನೀವು ಹೇಳಿದ್ದೇ ನಿಜವಾಯಿತು. ಈಗ ಅವರು ನಾನು ನಿಂತಿರುವುದನ್ನು ದೂರದಿಂದಲೇ ನೋಡಿ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ, ಆಟೋ ಹಿಡಿಯುತ್ತಾರೆ. ಬರಲ್ಲ ಎಂದಿದ್ದರೆ ಬೇಸರವಾಗುತ್ತಿರಲಿಲ್ಲ.

ಈಗ ಇನ್ನೊಂದು ಕಥೆ ಕೇಳಿ. ನಾನು ಅಂಟಿಸಿದ ಕಾಗದಗಳು ಮಾಯವಾಗತೊಡಗಿದವು. ಅಂಟಿಸಿದ ಮಾರನೆಯ ದಿನವೇ ಕಿತ್ತು ಹೋಗಿರುತ್ತಿತ್ತು. ಹೆಂಡತಿಯ ಅಣ್ಣನ ಕಡೆಯವರಿರಬೇಕೆಂದುಕೊಂಡು ಒಂದು ಬೆಳಿಗ್ಗೆ ಬೇಗನೇ ಹೋಗಿ ಸ್ಟಾಪಿನ ಹಿಂದಿನ ಗೋಡೆಗೆ ಒರಗಿ ನಿಂತೆ. ಯಾರು ಬಂದರು ಗೊತ್ತಾ? ಮೋಟುಗಡ್ಡದ ಯಜಮಾನರು. ಉಗುರಿನಲ್ಲಿ ಮೂಲೆ ಎಬ್ಬಿಸಿ, ನನ್ನ ಕಾಗದವನ್ನು ನಿಧಾನವಾಗಿ ಕಿತ್ತು, ಮಡಚಿ ಜೇಬಿಗಿಟ್ಟುಕೊಂಡರು. ಓಡಿಹೋಗಿ ಅವರ ತೋಳು ಹಿಡಿದೆ.

"ನಾಚಿಕೆ ಆಗಲ್ವಾ ನಿಮಗೆ? ಬಂದು ಹೇಳೋದಂತೂ ಇಲ್ಲ, ಅಂಟಿಸಿದ್ದನ್ನೂ ಕೀಳ್ತೀರಲ್ಲ!"

ಅವರು ತೋಳು ಕೊಡವಿಕೊಂಡರು. "ಇದೇನು ಅಕ್ಷರಾನಾ? ಇರುವೆ ನಡ್ಕೊಂಡು ಹೋದ ಹಂಗಿದೆ. ಯಾರು ಓದ್ತಾರೆ ಇದನ್ನ? ನಂಗೆ ಜೆರಾಕ್ಸ್ ಅಂಗಡಿ ಇದೆ. ನೀನು ಬರೆದಿದ್ದನ್ನೇ ದೊಡ್ಡದಾಗಿ ಟೈಪ್ ಮಾಡ್ಸಿದೀನಿ, ಅಕ್ಷರ ತಾಳೆ ನೋಡಕ್ಕೆ ಇದನ್ನ ತಗೊಂಡೆ. ಕಂಬಕ್ಕೆ ಹಳೇದು ಇದ್ರೆ ಹೊಸದು ಎಲ್ಲಿ ಅಂಟಿಸ್ಲಿ? ನಿನ್ನ ತಲೆ ಮೇಲಾ?"

ಚೀಲದಿಂದ ಒಂದು ಕಟ್ಟು ತೆಗೆದು ತೋರಿಸಿದರು. ದಪ್ಪ ಅಕ್ಷರಗಳು, ಆಚೆ ಬದಿಯ ಫುಟ್‌ಪಾತಿನಿಂದಲೂ ಓದಬಹುದು. ಯಾಕೆ ಸಾರ್ ಇದೆಲ್ಲ ಎಂದು ಕೇಳಿದೆ.

"ನಿನ್ನ ಬದಲು ಬಂದಿದಾನಲ್ಲ, ಅವನು ನಿನಗಿಂತ ಲೇಟು" ಎಂದರು. ಹೇಳಿ, ಅಂಟು ಹಚ್ಚಲು ಶುರು ಮಾಡಿದರು.

ಜನ ಕೆಟ್ಟವರೆಂದು ನೀವು ಹೇಳುವಾಗ ನಿಮ್ಮ ಜೊತೆ ಜಗಳವಾಡುವ ನಾನು, ಅವರನ್ನು ನೋಡಿದ ಕ್ಷಣ ನೀವು ಅಂದುಕೊಳ್ಳುತ್ತಿದ್ದದ್ದನ್ನೇ ಅಂದುಕೊಂಡೆ. ಒಂದು ಮಾತು ಕೇಳುವ ಮೊದಲೇ ತೋಳಿಗೆ ಕೈ ಹಾಕಿದೆ. ನಂಬುವುದನ್ನು ನಾನೂ ಈಗಷ್ಟೇ ಕಲಿಯುತ್ತಿದ್ದೇನೆ ಅಪ್ಪಾ, ನನಗೇನೂ ಹುಟ್ಟಿನಿಂದ ಬಂದದ್ದಲ್ಲ.

ಇನ್ನೊಬ್ಬರೂ ಬಂದಿದ್ದರು. ಬಣ್ಣದವರ ಹೆಂಡತಿ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ, ಬಟ್ಟೆಯಿಂದ ಬಿಸಿ ಗಂಜಿಯ ವಾಸನೆ. ನನ್ನ ರೂಮಿನ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

"ನೀನೇನಾ ಡ್ರೈವರು?"

"ನಾನೇ."

"ನನ್ನ ಮುಖ ನೋಡಿ ಹೇಳು. ನೀನು ಗುದ್ದಿದ್ಯಾ?"

"ಇಲ್ಲ."

"ಮತ್ತೆ ಯಾಕೆ ನಿಲ್ಸಿದೆ?"

"ಬಿದ್ದಿದ್ರು."

"ಅಷ್ಟೇನಾ?"

"ಅಷ್ಟೇ."

ಆಮೇಲೆ ಒಳಗೆ ಬಂದು ಇದ್ದ ಒಂದು ಕುರ್ಚಿಯಲ್ಲಿ ಕೂತರು. "ಸುಮ್ಸುಮ್ನೆ ಯಾರೂ ನಿಲ್ಸಲ್ಲ ಅಂತಾನೆ ನಮ್ಮಣ್ಣ. ನಾನಾಗಿದ್ರೂ ನಿಲ್ಸ್ತಿರ್ಲಿಲ್ಲ. ಅದಕ್ಕೇ ನೀನು ಹೇಳೋದು ನಂಬಕ್ಕೆ ಕಷ್ಟ ಆಗ್ತಿದೆ."

"ಕಷ್ಟ ಆದ್ರೂ ನಂಬಿ" ಎಂದೆ. "ತೋರ್ಸಕ್ಕೆ ನನ್ನ ಹತ್ರ ಬೇರೇನೂ ಇಲ್ಲ."

ಅವರು ಎದ್ದು ಹೋದರು.

ವಿಚಾರಣೆ ಮುಂದಿನ ತಿಂಗಳಂತೆ.

ನಿಮ್ಮ ಮಗಳು


ಮೇ ೧೪

ಮಗಳೇ,

ಆ ಜೆರಾಕ್ಸಿನವನು ಯಾರು? ಅವನಿಗೆ ಏನು ಬೇಕಂತೆ? ಸುಮ್ಮಸುಮ್ಮನೆ ಯಾರಾದರೂ ಅಷ್ಟು ಕಾಗದ ಖರ್ಚು ಮಾಡುತ್ತಾರಾ? ನಾಳೆ ಯಾವ ಲಾಭ ಕೇಳಿಕೊಂಡು ಬರುತ್ತಾನೋ, ಎಚ್ಚರ.

ಹೀಗೆ ಬರೆದ ಮೇಲೆ ಓದಿ ನೋಡಿದೆ. ಆ ಹೆಂಗಸಿನ ಅಣ್ಣ ನಿನ್ನನ್ನು ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ? ಹರಿದುಹಾಕೋಣವೆಂದಿದ್ದೆ. ಇರಲಿ, ಹಾಗೇ ಕಳಿಸುತ್ತಿದ್ದೇನೆ. ನಿನ್ನಪ್ಪ ಎಂಥವನೆಂದು ನಿನಗೆ ಗೊತ್ತಿರಲಿ.

ನಿಮ್ಮಕ್ಕ ನೀನು ಊಟ ಬಿಟ್ಟಿದ್ದೀಯಾ ಎಂದು ಕೇಳುತ್ತಿದ್ದಾಳೆ. ಬಿಟ್ಟಿದ್ದರೆ ಶುರು ಮಾಡು. ಹಸಿದವರ ಸಿಟ್ಟು ಬಹಳ ದಿನ ಬಾಳುವುದಿಲ್ಲ.

ಅಪ್ಪ


ಜೂನ್ ೨೦

ಅಪ್ಪಾ,

ನಿನ್ನೆ ವಿಚಾರಣೆ ಮುಗಿಯಿತು.

ನಾನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನಿಮ್ಮ ಕಾಗದವೇ ತಲೆಯಲ್ಲಿ ಸುತ್ತುತ್ತಿತ್ತು. ಮೆಟ್ಟಿಲ ಕಡೆ ನೋಡಬಾರದೆಂದುಕೊಂಡು ನೆಲ ನೋಡುತ್ತ ಕೂತೆ. ಮೊದಲು ಬಂದ ಹೆಜ್ಜೆ ಕಂಡಕ್ಟರಣ್ಣನದು. ಒಳಗೆ ಹೋದರು, ಬರೆದುಕೊಟ್ಟದ್ದನ್ನೇ ಹೇಳಿದರು, ನನ್ನ ಕಡೆ ತಿರುಗದೆ ಇಳಿದು ಹೋದರು. ಆಮೇಲೆ ಬಹಳ ಹೊತ್ತು ಯಾರೂ ಇಲ್ಲ. ಒಳಗಿನಿಂದ ಗುಮಾಸ್ತ ಬಂದು, "ಇನ್ಯಾರಾದ್ರೂ ಇದ್ದಾರಾ, ಮುಗಿಸೋಣ್ವಾ?" ಎಂದು ಕೇಳಿದ.

ಆಗ ಕೆಳಗೆ ಗೊಣಗಾಟ ಕೇಳಿಸಿತು. ಲಿಫ್ಟ್ ಯಾಕಿಲ್ಲ, ಇಷ್ಟು ಮೆಟ್ಟಿಲು ಯಾಕೆ ಕಟ್ಟಿದ್ದಾರೆ ಎಂದು ಬೈದುಕೊಳ್ಳುತ್ತ ಜೆರಾಕ್ಸ್ ಯಜಮಾನರು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅವರ ಹಿಂದೆ ನಾನು ಯಾವತ್ತೂ ಮಾತಾಡಿಸದ ಒಬ್ಬ ನರ್ಸಮ್ಮ. ಆ ದಿನ ಬಸ್ಸಿನಲ್ಲಿ ಆ ಮನುಷ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವರು ಅವರಂತೆ. ನನಗೆ ಗೊತ್ತೇ ಇರಲಿಲ್ಲ, ನಾನು ರಸ್ತೆ ನೋಡುತ್ತಿದ್ದೆನಲ್ಲ. ಯಜಮಾನರು ಆ ದಪ್ಪ ಅಕ್ಷರದ ಕಾಗದಕ್ಕೆ ಆಮೇಲೆ ವಿಚಾರಣೆಯ ದಿನ, ಜಾಗವನ್ನೂ ಸೇರಿಸಿದ್ದರಂತೆ, ಅದನ್ನು ಓದಿ ನೇರ ಇಲ್ಲಿಗೇ ಬಂದಿದ್ದರು.

ನನ್ನನ್ನೂ ಒಳಗೆ ಕರೆದರು. ಯಜಮಾನರನ್ನು ವಿಚಾರಣೆಯ ಅಧಿಕಾರಿ ಕೇಳಿದರು: "ಇವರು ನಿಮಗೆ ಪರಿಚಯವೇ?"

"ಇಲ್ಲ. ಜಗಳದ ಪರಿಚಯ. ದಿನಾ ಲೇಟು. ಅದನ್ನೂ ಬರ್ಕೊಳ್ಳಿ."

"ಬಸ್ಸು ಗುದ್ದಿದ್ದನ್ನು ನೋಡಿದಿರಾ?"

"ಗುದ್ದಿದ್ರೆ ತಾನೇ ನೋಡೋದು? ಆ ಮನುಷ್ಯ ಆಗ್ಲೇ ಬಿದ್ದಿದ್ದ. ಮುಂದೆ ಮೂರು ಗಾಡಿ ಬಳಸ್ಕೊಂಡು ಹೋದ್ವು. ನಾನು ಕೂಗಾಡಿದ್ದೇ ಅದಕ್ಕೆ ಸ್ವಾಮಿ. ಬೇರೆಯೋರು ಬೀಳಿಸಿದವನನ್ನ ನಾವ್ಯಾಕೆ ಎತ್ಕೊಂಡು ಹೋಗ್ಬೇಕು ಅಂತ. ಬಸ್ಸೆಲ್ಲಾ ಕೇಳಿಸ್ಕೊಂಡಿದೆ. ಇವಳೇ ಗುದ್ದಿದ್ರೆ ಹಂಗೆ ಕೂಗ್ತಿದ್ನಾ?"

ಅಧಿಕಾರಿ ಪೆನ್ನು ಕೆಳಗಿಟ್ಟರು. ನರ್ಸಮ್ಮನೂ ಅದನ್ನೇ ಹೇಳಿದರು. ಯಜಮಾನರು ಏನೇನು ಬೈದರೆಂಬುದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಯಜಮಾನರು "ಹೌದು, ಹೌದು" ಎಂದು ತಲೆಯಾಡಿಸುತ್ತಿದ್ದರು.

ಕೊನೆಗೆ ಬಂದವರು ಬಣ್ಣದವರ ಹೆಂಡತಿ. ಅವರಣ್ಣ ಅಲ್ಲೇ ಕೂತಿದ್ದ. ಅವನ ಕಡೆ ನೋಡದೆ ಹೇಳಿದರು: "ಯಾರು ಗುದ್ದಿದ್ರು ಅಂತ ನಂಗೊತ್ತಿಲ್ಲ. ಇವಳನ್ನ ಮುಖ ನೋಡಿ ಕೇಳ್ದೆ, ಇಲ್ಲ ಅಂದ್ಳು. ನಂಬಿದೀನಿ. ನಮ್ಮನೆ ಹೆಸರಲ್ಲಿ ದೂರು ಬೇಡ." ಅವರಣ್ಣ ಎದ್ದು ನಿಂತು, "ನಿನ್ನ ಮನೆ ಬಾಗಿಲು ಇನ್ನು ತುಳಿಯಲ್ಲ" ಎಂದು ಕೂಗಿ ಹೋದ. ಅವರು ಕೈ ಕಟ್ಟಿಕೊಂಡು ಹಾಗೇ ನಿಂತಿದ್ದರು. ನನಗಾಗಿ ಯಾರೋ ಒಬ್ಬರು ಅಣ್ಣನನ್ನು ಕಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ನಾನು ಗುದ್ದಿಲ್ಲವೆಂದು ತೀರ್ಮಾನವಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಇವತ್ತು ಮ್ಯಾನೇಜರು ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟರು. 'ಮೇಲಧಿಕಾರಿಗಳ ಅನುಮತಿಯಿಲ್ಲದೆ ಯಾವ ಕಾರಣಕ್ಕೂ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸುವುದಿಲ್ಲ, ರೂಟ್ ಬಿಡುವುದಿಲ್ಲ' ಎಂದು ನಾನು ಬರೆದುಕೊಡಬೇಕಂತೆ. ಸಹಿ ಹಾಕಿದರೆ ನಾಳೆಯೇ ಡ್ಯೂಟಿ. ಇಲ್ಲದಿದ್ದರೆ ಬಸ್ಸು ತೊಳೆಯುವ ಕಡೆ ಹಾಕುತ್ತಾರೆ. ಸ್ವಲ್ಪ ಸಮಯ ಕೊಡಿ ಎಂದು ಕೇಳಿ ಬಂದಿದ್ದೇನೆ. ಮೂರು ತಿಂಗಳಾಯಿತು, ಸ್ಟೇರಿಂಗ್ ಹಿಡಿಯಲು ಕೈ ತವಕಿಸುತ್ತಿದೆ. ಅದೂ ಸುಳ್ಳಲ್ಲ.

ಏನು ಮಾಡಲಿ ಎಂದು ಕೇಳುತ್ತಿಲ್ಲ. ಸುಮ್ಮನೆ ಹೇಳುತ್ತಿದ್ದೇನೆ.

ನಿಮ್ಮ ಮಗಳು


ಜೂನ್ ೨೪

ಮಗಳೇ,

ಸಹಿ ಹಾಕಬೇಡ.

ಇಷ್ಟು ಬರೆದು ಟಪಾಲಿಗೆ ಹಾಕಲು ಹೊರಟಿದ್ದೆ. ಅಪ್ಪನಿಗೆ ತಲೆ ಕೆಟ್ಟಿತೆಂದು ನೀನು ಗಾಬರಿಯಾಗುತ್ತೀಯೆಂದು ಮತ್ತೆ ಕೂತು ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಅಕ್ಕನ ಕೈಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಸಿದೆ. ಕಣ್ಣು ಚೆನ್ನಾಗಿಯೇ ಇದೆ, ಆದರೂ ಆ ಮೆಟ್ಟಿಲ ಮೇಲಿನ ಗೊಣಗಾಟ ಬೇರೆಯವರ ಬಾಯಲ್ಲಿ ಕೇಳಬೇಕೆನಿಸಿತು. ಅವಳು ಗಂಟಲು ಹರಿಯುವ ಹಾಗೆ ಕಿರುಚಿ ಓದಿದಳು. ಪಕ್ಕದ ಮನೆಯವರು ನಮ್ಮಲ್ಲಿ ಜಗಳವೆಂದು ಬಂದು ಬಾಗಿಲು ತಟ್ಟಿದರು. ಅವರನ್ನೂ ಕೂರಿಸಿ ಮೊದಲಿನಿಂದ ಓದಿಸಿದೆವು.

ನಾನು ಅಂದು ಬೆಂಚಿನ ಮೇಲೆ ಕೂತು ಕಾದೆ. ನೀನು ಬೀದಿಗೆ ಹೋಗಿ ನಿಂತು ಕೇಳಿದೆ. ನಾನೂ ಕೇಳಿದ್ದರೆ ಯಾರಾದರೂ ಬರುತ್ತಿದ್ದರೋ ಇಲ್ಲವೋ, ಇನ್ನು ತಿಳಿಯುವ ದಾರಿಯಿಲ್ಲ. ಆ ವಿಷಯ ಅಲ್ಲಿಗೆ ಬಿಡು.

ಆದರೆ ಈ ಹಾಳೆಯ ವಿಷಯ ನನಗೆ ಚೆನ್ನಾಗಿ ಗೊತ್ತು. ಇಂಥದ್ದಕ್ಕೆ ನಾನು ಕಾಗದದ ಮೇಲೆ ಸಹಿ ಹಾಕಿರಲಿಲ್ಲ, ಮನಸ್ಸಿನಲ್ಲೇ ಹಾಕಿಕೊಂಡೆ. ಆಮೇಲೆ ಸರ್ವಿಸಿನ ಕೊನೆಯವರೆಗೂ ಸ್ಟಾಪ್ ಬಿಟ್ಟು ಬೇರೆಲ್ಲೂ ನಿಲ್ಲಿಸಲಿಲ್ಲ. ಕೈ ಬೀಸಿಕೊಂಡು ಓಡಿ ಬರುತ್ತಿದ್ದವರನ್ನು ಕನ್ನಡಿಯಲ್ಲಿ ನೋಡುತ್ತಲೇ ಗೇರು ಹಾಕಿದ್ದೇನೆ. ಶಿಸ್ತಿನ ಡ್ರೈವರೆಂದು ಶಾಲು ಹೊದಿಸಿ ಕಳಿಸಿದರು. ಅಂಥ ಶಾಲು ನಿನಗೆ ಬೇಡ.

ಬಸ್ಸು ತೊಳೆಸುತ್ತಾರಾ? ತೊಳೆ. ಚೆನ್ನಾಗಿ ತೊಳೆ. ಆ ಹೆಂಗಸು ಅಣ್ಣನನ್ನು ಬಿಟ್ಟು ನಿನ್ನ ಕಡೆ ನಿಂತದ್ದು, ಇನ್ನು ಯಾರಿಗೂ ನಿಲ್ಲಿಸುವುದಿಲ್ಲವೆಂದು ನೀನು ಬರೆದುಕೊಡಲಿ ಎಂದಲ್ಲ.

ಜೆರಾಕ್ಸಿನವರಿಗೆ ನನ್ನ ನಮಸ್ಕಾರ ತಿಳಿಸು. ಈಗಲೂ ಅನುಮಾನ ಪೂರ್ತಿ ಹೋಗಿಲ್ಲ, ಆದರೆ ಅದನ್ನು ಅವರಿಗೆ ಹೇಳಬೇಡ. ನಿನ್ನನ್ನು ನೋಡಲು ಬರಬೇಕೆಂದಿದ್ದೇನೆ.

ನಿನ್ನ ಅಪ್ಪ


ಆಗಸ್ಟ್ ೩೦

ಅಪ್ಪಾ,

ಇಷ್ಟು ದಿನ ಬರೆಯದ್ದಕ್ಕೆ ಕಾರಣ ಕೈ. ಇಡೀ ದಿನ ನೀರಿನ ಪೈಪು, ಸೋಪು, ಉದ್ದ ಕೋಲಿನ ಬ್ರಷ್ಷು. ಸಂಜೆ ಹೊತ್ತಿಗೆ ಬೆರಳುಗಳು ಸುಕ್ಕುಗಟ್ಟಿ ಪೆನ್ನು ನಿಲ್ಲುತ್ತಿರಲಿಲ್ಲ.

ಸಹಿ ಹಾಕಲಿಲ್ಲ. "ಹಂಗಾದ್ರೆ ಸ್ಟೇರಿಂಗ್ ಮರೆತುಬಿಡಿ" ಎಂದರು ಮ್ಯಾನೇಜರು. ಮರೆಯಲಿಲ್ಲ. ಉಳಿದ ಡ್ರೈವರುಗಳು ಬಸ್ಸು ತಂದು ನಿಲ್ಲಿಸಿ, ನನ್ನ ಕಡೆ ನೋಡದೆ ಹೋಗುತ್ತಿದ್ದರು. ಅದು ಮೊದಲ ತಿಂಗಳು ಬಹಳ ಕಾಡಿತು. ಭಯಪಟ್ಟವರ ಮೇಲೆ ಸಿಟ್ಟು ಮಾಡಿಕೊಂಡು ಕೂತರೆ ನಾಳೆ ಅವರ ಮುಖ ನೋಡುವುದು ಹೇಗೆಂದು ನಾನೇ ಮೊದಲು ಮಾತಾಡಿಸತೊಡಗಿದೆ. ಕೆಲವರು ಉತ್ತರ ಕೊಟ್ಟರು, ಕೆಲವರು ಇಲ್ಲ.

ನಮ್ಮಲ್ಲಿ ಒಬ್ಬ ಡ್ರೈವರಿದ್ದಾನೆ, ಎಲ್ಲರೂ ಮೌನಿ ಎನ್ನುತ್ತಾರೆ. ಬಾಯಿ ಬಿಡುವುದೇ ಅಪರೂಪ. ಕಳೆದ ವಾರ ಮಧ್ಯಾಹ್ನ ಅವನ ಬಸ್ಸು ಬಹಳ ತಡವಾಗಿ ಬಂತು. ದಾರಿಯಲ್ಲಿ ಕುಸಿದು ಬಿದ್ದಿದ್ದ ಒಬ್ಬ ಮುದುಕಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಬಿಟ್ಟು ಬಂದಿದ್ದ. ಕೂಡಲೇ ಒಳಗೆ ಕರೆಸಿದರು. ನಾನು ಮ್ಯಾನೇಜರರ ಕಿಟಕಿಯ ಕೆಳಗೇ ಟೈರು ತೊಳೆಯುತ್ತಿದ್ದೆ. ನೀರು ನಿಲ್ಲಿಸಿದೆ.

"ಇದಕ್ಕೆ ಸಹಿ ಹಾಕು" ಎಂದರು ಮ್ಯಾನೇಜರು.

"ಹೊರಗಿರೋ ಅಕ್ಕ ಹಾಕಿದಾರಾ?"

"ಅದು ನಿನಗ್ಯಾಕೆ?"

"ಅವರು ಹಾಕಿದ ಮೇಲೆ ಕರೀರಿ, ಬರ್ತೀನಿ."

ಅಷ್ಟೇ ಹೇಳಿ ಹೊರಗೆ ಬಂದ. ನೇರ ಗೋಡೆಯ ಹತ್ತಿರ ಹೋಗಿ ಇನ್ನೊಂದು ಬ್ರಷ್ಷು ತೆಗೆದುಕೊಂಡು ಹಿಂದಿನ ಟೈರಿಗೆ ಶುರು ಮಾಡಿದ. ಮಾರನೆಯ ಬೆಳಿಗ್ಗೆ ಏನೂ ತಪ್ಪು ಮಾಡದ ಇನ್ನಿಬ್ಬರು ಡ್ರೈವರುಗಳು ಮ್ಯಾನೇಜರರ ಬಾಗಿಲಿಗೆ ಹೋಗಿ, "ಆ ಹಾಳೆ ನಮಗೂ ಒಂದ್ಸಲ ತೋರ್ಸಿ ಸಾರ್. ಯಾವುದಕ್ಕೆ ಸಹಿ ಹಾಕ್ಬಾರ್ದು ಅಂತ ಗೊತ್ತಿರ್ಲಿ" ಎಂದು ನಿಂತರು. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಸಾಲು. ಎಲ್ಲರನ್ನೂ ಬಸ್ಸು ತೊಳೆಯಲು ಹಾಕಿದರೆ ಬಸ್ಸು ಓಡಿಸುವವರು ಯಾರು?

ಇವತ್ತು ನನ್ನನ್ನು ಕರೆದರು. ಹಾಳೆಯ ಮಾತು ಎತ್ತಲೇ ಇಲ್ಲ. ಡ್ಯೂಟಿ ಚೀಟಿ ಮುಂದಕ್ಕೆ ತಳ್ಳಿ, ಬೇರೆ ಕಂಡಕ್ಟರ್ ಬೇಕಾ ಎಂದು ಕೇಳಿದರು. ಬೇಡ, ಹಳಬರನ್ನೇ ಕೊಡಿ ಎಂದೆ. ಕಂಡಕ್ಟರಣ್ಣನಿಗೆ ಸುದ್ದಿ ಮುಟ್ಟಿ ಓಡಿ ಬಂದರು. "ಬೇರೆಯೋರನ್ನ ಹಾಕ್ಕೊಳ್ಳಮ್ಮ. ನಿನ್ನ ಮುಖ ನೋಡಕ್ಕೆ ನಂಗಾಗಲ್ಲ" ಎಂದರು. "ನೀವು ಹಿಂದೆ ಇರ್ತೀರಿ, ನಾನು ಮುಂದೆ. ಮುಖ ನೋಡೋದು ಎಲ್ಲಿಂದ ಬಂತು?" ಎಂದೆ. ನಗಲು ಹೋಗಿ ಅತ್ತುಬಿಟ್ಟರು. ಮನಸ್ಸು ಪೂರ್ತಿ ತಿಳಿಯಾಗಿದೆ ಎನ್ನಲಾರೆ ಅಪ್ಪಾ. ಆದರೆ ಅವರು ಇನ್ನೊಮ್ಮೆ ಸರಿಯಾಗಿ ನಡೆದುಕೊಳ್ಳಬೇಕಾದರೆ ಅದಕ್ಕೊಂದು ಬಸ್ಸಾದರೂ ಬೇಕಲ್ಲ.

ಬಣ್ಣದವರ ಹೆಂಡತಿ, ಆ ಲಾಂಡ್ರಿಯ ಅಕ್ಕನ ಮನೆಗೆ ಭಾನುವಾರಗಳಲ್ಲಿ ಹೋಗುತ್ತೇನೆ. ಗಂಡ ಕೋಲೂರಿಕೊಂಡು ಓಡಾಡುತ್ತಾರೆ. ಅಣ್ಣ ಇನ್ನೂ ಬಂದಿಲ್ಲ. ಬರುತ್ತಾನೆ ಎನ್ನುತ್ತಾರೆ ಅವರು. ನನಗೆ ಹಾಗನ್ನಿಸುವುದಿಲ್ಲ, ಆದರೆ ಅವರ ಮುಂದೆ ಬಾಯಿ ಬಿಡುವುದಿಲ್ಲ.

ನಾಳೆ ಬೆಳಿಗ್ಗೆ ಬಸ್ಸು ತೆಗೆಯುತ್ತೇನೆ. ನೀವು ನೋಡಲು ಬರುತ್ತೇನೆಂದಿದ್ದಿರಿ. ಬನ್ನಿ. ಸ್ಟಾಪ್ ಎಲ್ಲಿದೆ, ಯಾವ ಕಡೆ ನಿಲ್ಲಬೇಕು ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ನೀವು ಎಲ್ಲಿ ನಿಂತು ಕೈ ತೋರಿಸಿದರೂ ನಿಲ್ಲಿಸುತ್ತೇನೆ.

ನಿಮ್ಮ ಮಗಳು